ಹೆಬ್ಬಟ್ಟಿನಾಕಿ

ಗಣೇಶಪ್ಯಾಟಿ ಮೀನ ಮಾರ್ಕೆಟ್ಟಿನ ಹಿಂದ
ಯೋನಪ್ಪನ ಅಂಗಡಿ. ಗಾಳ, ಬಲಿ, ಸೀಸದ ಗುಂಡು,
ಮೂಲ್ಯಾಗ ಛತ್ತಿಗೆ ತಲಿ ತಾಗಿಸಿ ನಿಂತ ಕೋಲು.
ಹೆಸರಿಗೆ ತಕ್ಕ ವ್ಯಾಪಾರ ಅಂತ ಯಾರರ ನಕ್ಕರ
ಅವನೂ ನಗತಾನ: 'ಆ ಯೋನ ಮೀನಿನ ಹೊಟ್ಟ್ಯಾಗ
ಮೂರ ದಿನ ಇದ್ದ. ನಾ ಇಪ್ಪತ್ತೆರಡು ವರ್ಷ ಆತು.'

'ಉಣಕಲ್ ಕೆರಿಗೇನ್ರಿ?'
'ಅಲ್ಲ, ಸಮುದ್ರಕ್ಕ. ದಂಡ್ಯಾಗ ನಿಂತು
ತೆರಿ ದಾಟಿಸಿ ಒಗೀಬೇಕು.'
ಹುಬ್ಬಳ್ಳ್ಯಾಗ ನಿಂತು ಸಮುದ್ರ ಕೇಳಿದ್ರ
ಮಂದಿ ಮಾರಿ ನೋಡತಾರ. ಅವ ನನ್ನ ಕೈ ನೋಡಿದ.

ಮೊದಲ ತೋರಿಸಿದ್ದು ರೀಲು ಕೆಳಗ ಜೋತು ಬೀಳೂ ಕೋಲು.
ಕಂಬಿ ಎತ್ತಿ ಒಗದ್ರ ದಾರ ತಾನ ಬಿಚ್ಚಿಕೋತ ಹೋಗತೈತಿ.
'ಸಣ್ಣ ಹುಡುಗೂರೂ ಒಗೀತಾವ ಅಕ್ಕಾರ, ಸಿಕ್ಕ ಬೀಳಂಗಿಲ್ಲ.'
'ಆ ಇನ್ನೊಂದು?'
ಛತ್ತಿಗೆ ತಾಗಿದ್ದು. ಹನ್ನೆರಡೂವರಿ ಫೂಟು, ಎರಡು ತುಂಡು,
ರೀಲು ಮ್ಯಾಲ ಕೂತು ಗಿರ್ರಂತ ತಿರಗೂದು.
'ಅದು ಬ್ಯಾಡ್ರಿ. ಅದಕ್ಕ ಹೆಬ್ಬಟ್ಟು ಬೇಕು.
ತಿರಗೂ ಉರುಳಿ ಮ್ಯಾಲ ಹೆಬ್ಬಟ್ಟು ಇಟ್ಟು
ಎಷ್ಟು ಬಿಡಬೇಕು, ಎಲ್ಲಿ ಹಿಡೀಬೇಕು,
ಒಂದು ಗುಂಜಿ ತಪ್ಪಿದ್ರ ಗುಬ್ಬಿ ಗೂಡು.
ಧಾರವಾಡದ ಡಾಕ್ಟರೊಬ್ರು ಒಯ್ದು, ವಾರಕ್ಕ ವಾಪಸ್ ತಂದಾರ.'

ನಾ ಗೋಕುಲ ರೋಡಿನ್ಯಾಗ ಮೋಟಾರ್ ಸುತ್ತಾಕಿ.
ಹದಿನೇಳು ವರ್ಷ ತಾಮ್ರದ ತಂತಿ
ಈ ಬಟ್ಟಿನ ಕೆಳಗ ಹಾದು ಹೋಗೈತಿ.
ಅಪ್ಪ, ಬ್ಯಾಂಕಿನವರ ಲೆಕ್ಕದಾಗ ಬರೇ ಹೆಬ್ಬಟ್ಟು,
ಕಣ್ಣು ಮುಚ್ಚಿ ತಂತಿ ಹಿಂಗ ತಿಕ್ಕಿ
ಇಪ್ಪತ್ನಾಕು ಗೇಜು, ಇದು ಇಪ್ಪತ್ತಾರು, ಅಂತಿದ್ದ.
ಬಿಗಿ ಹಿಡದ್ರ ಹರೀತೈತಿ,
ಸಡಲ ಬಿಟ್ರ ಒಂದರ ಮ್ಯಾಲೊಂದು ಏರತೈತಿ.
ಬ್ಯಾರೆ ಏನೂ ಕಲಿಸಲಿಲ್ಲ ಅವ.

'ತಗೀರಿ ಅದನ್ನ.'

ಬೀದ್ಯಾಗ ಜೋಡಿಸಿದ್ವಿ. ತುದಿ ಹೋಗಿ
ಎದರಿಗೆ ಒಣಾ ಸಿಗಡಿ ಮಾರೂ ಮಾಲನಬಿಯ ಛತ್ರಿ ಮುಟ್ಟಿತು.
ಆಕಿ ತಕ್ಕಡಿ ಬಿಟ್ಟು ತುದಿ ಹಿಡಕೊಂಡ್ಲು. 'ಜಗ್ಗು!'
ಜಗ್ಗಿದೆ. ತುದಿ ಬಾಗಿತು, ನಡ ಬಾಗಿತು, ಬುಡ ಒಲ್ಲೆ ಅಂತು.
ಬಾಗಿದಾಗ ದಾರ ಕೋಲಿಗೆ ತಾಗತೈತೇನು ನೋಡಿದೆ,
ಉಂಗುರ ಎಣಿಸಿದೆ: ಒಂಬತ್ತು. ತಾಗಲಿಲ್ಲ.
ಬುಡದಿಂದ ರೀಲು ಕೂಡೂ ಜಾಗ
ನನ್ನ ಬಗಲಿನಿಂದ ಮುಷ್ಟಿತನಕ ಇರಬೇಕು;
ಇದು ನಾಕು ಬಟ್ಟು ಹೆಚ್ಚು. ಯಾರೋ ಎತ್ತರದ ಗಂಡಸಿನ ಅಳತಿ.
'ಬುಡ ಕೊರದು ಕೊಡತೀನ್ರಿ.'
'ನಾನ ಕೊರಕೋತೀನಿ, ಐನೂರು ಕಡಿಮಿ ಮಾಡು.'
ಮುನ್ನೂರಕ್ಕ ಬಂದ. ಮಾಲನಬಿ ಇನ್ನೂ ನೂರು ಬಿಡಿಸಿದ್ಲು,
ತುದಿ ಕೈಯಾಗ ಹಿಡಕೊಂಡಾ.

ಆಟೋದಿಂದ ಹೊರಗ ಚಾಚಿದ ಎರಡು ತುಂಡು ನೋಡಿ
ಚನ್ನಮ್ಮ ಸರ್ಕಲ್ಲಿನ ಪೊಲೀಸ ಕೇಳಿದ:
'ಯಾವ ಪಾರ್ಟಿದು?'

ಅಮಾಸಿಗೆ ಯಂತ್ರಕ್ಕ ಕಾಯಿ ಒಡದು ನಾವು ಕದ ಹಾಕತೀವಿ.
ಅಮಾಸಿಗೇ ಅಂಕೋಲಾದ ನೀರು ಉಕ್ಕತೈತಿ.
ಈ ಸೂಟಿ ಹೊಂದಿಸಿದವರು ಯಾರೋ.
ಇನ್ನೂ ಎಂಟು ದಿನ.

ಮುಂಜಾನೆ ಐದೂವರಿ, ರೈಲ್ವೆ ಮೈದಾನ. ಗಾಳ ಇಲ್ಲ, ಬರೇ ಸೀಸ.
ಮೊದಲ ಸಲ ಗುಬ್ಬಿ ಗೂಡು.
ಎರಡನೇ ಸಲ ಗೀಜಗನ ಗೂಡು.
ದೀಪದ ಕಂಬದ ಬುಡಕ ಕೂತು, ಸುಟ್ಟ ಕಾಯಿಲು ಬಿಚ್ಚಿದಂಗ
ಉಗರಿಲೆ ಎಳಿ ಎಳಿ ಬಿಚ್ಚಿದೆ.
ಕ್ರಿಕೆಟ್ಟಿನ ಹುಡುಗರು ಸ್ಟಂಪು ಊರೂದು ಬಿಟ್ಟು ನಿಂತ್ರು.
ಐದನೇದಕ್ಕ ಉರುಳಿ ಕಡೆ ನೋಡಲೇ ಇಲ್ಲ, ಬಟ್ಟಿಗೆ ಬಿಟ್ಟೆ.
ಬಿಸಿ. ಹಗೂರ. ಹಗೂರ.
ಈಗ.
ದೂರ ಹುಲ್ಲಿನ್ಯಾಗ ತಪ್ ಅಂತು.
ಉರುಳಿ ಮ್ಯಾಲ ಒಂದು ಎಳಿನೂ ಎದ್ದಿರಲಿಲ್ಲ.

ಒಬ್ಬ ಹುಡುಗ ಹೆಜ್ಜಿ ಎಣಿಸಿಕೋತ ಓಡಿದ,
'ನೂರಾ ಹದಿನಾಕು!' ಅಂತ ಅಲ್ಲಿಂದ ಒದರಿದ.
ಅವನ ಹೆಜ್ಜಿ ಸಣ್ಣವು. ಆದ್ರೂ.
ಬಗ್ಗಿ ಸೀಸ ಎತ್ತಿದ, ಹಿಂದ ಮುಂದ ನೋಡಿದ,
ಏನನಿಸಿತೋ, ದಾರ ಒಮ್ಮಿ ಮೆತ್ತಗ ಜಗ್ಗಿದ.

ಬಟ್ಟಿಗೆ ತಿಳೀತು.