ಲಕ್ಕಿ ಎಣ್ಣೆ

ಇಪ್ಪತ್ತೆಂಟು ವರ್ಷ ಪೆಡಲು ತುಳಿದ ಬಲಮಂಡಿ
ಈಗ ಒಂದು ತೋಳು ಹೊಲಿಯುವಷ್ಟರಲ್ಲಿ ಮುನಿಯುತ್ತದೆ.
ಸಾಗರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
"ಸವೆದಿದೆ" ಅಂದರು,
ನಾನು ಗಿರಾಕಿಗೆ ಕಾಲರು ತೋರಿಸಿ ಹೇಳುವ ಹಾಗೆ.

ಗುತ್ಯಮ್ಮನ ಹಿತ್ತಿಲಲ್ಲಿ ಚೀಟಿಯಿಲ್ಲ, ಸರದಿಯಿಲ್ಲ;
ಒಂದು ಕಲ್ಲು, ಮೇಲೊಂದು ಗೋಣಿ.
ಲಕ್ಕಿಸೊಪ್ಪು ಅರೆದು ಹಿಂಡಿದ ಹಸಿರು
ಹರಳೆಣ್ಣೆಯೊಳಗೆ ಚಟಪಟ ಬೈಯುತ್ತಿತ್ತು.
"ಸದ್ದು ನಿಂತರೆ ನೀರು ಹೋಯ್ತು ಅಂತ ಲೆಕ್ಕ.
ಅಲ್ಲಿವರೆಗೆ ಸುಮ್ನೆ ಕೂತಿರು."

ತಿಕ್ಕಿ, ಎಕ್ಕದೆಲೆ ಕೆಂಡಕ್ಕೆ ಬಾಡಿಸಿ ಸುತ್ತಿ
ಹಳೇ ಪಂಚೆಯ ಅಂಚಿನಿಂದ ಕಟ್ಟಿದಳು.
ಗಂಟು ಸೊಟ್ಟ.
ಬಾಯಿ ತಡೆಯದೆ ಹೇಳಿಯೇಬಿಟ್ಟೆ.

ಅವಳು ಕೈ ಚಾಚಿದಳು:
ಬೆರಳ ಗೆಣ್ಣೆಲ್ಲ ಹಸಿಶುಂಠಿಯಂತೆ ಊದಿ, ತಿರುಚಿ.
"ಊರವರ ಕಾಲು ತಿಕ್ಕಿದ್ದು ಕಣೋ.
ಇದನ್ನ ಯಾವ ಕೈಯಲ್ಲಿ ತಿಕ್ಕಲಿ?
ಒಂದು ಇನ್ನೊಂದಕ್ಕೆ ಆಗೋದಿಲ್ಲ."

ದುಡ್ಡು ಬೇಡವಂತೆ.
ಮೂರು ರವಿಕೆ ನನ್ನ ಚೀಲಕ್ಕೆ ತುರುಕಿದಳು:
ಹುಕ್ಕು ಕಿತ್ತು ಅಂಟುಪಟ್ಟಿ ಹಾಕಿಕೊಡಬೇಕು.

ರಾತ್ರಿ ಎಡಗಾಲಲ್ಲಿ ತುಳಿಯುತ್ತ ಕೂತಿದ್ದೇನೆ.
ನೋವು ಹೋಯಿತೆ? ಗೊತ್ತಿಲ್ಲ.
ಅಂಗಡಿ ತುಂಬ ಲಕ್ಕಿಯ ಕಹಿ ವಾಸನೆ,
ಡಬ್ಬಿಯ ಮುಚ್ಚಳದಲ್ಲಿ
ಹದಿನೆಂಟು ಹುಕ್ಕು.