ಬೈತಖೋಲದಲ್ಲಿ ಒಂದೇ ಸಂಜೆ, ಮೂರು ಸಲ

ಟ್ರೈಪಾಡಿನ ಒಂದು ಕಾಲು ಕುಂಟು.
ಅದರಡಿಗೆ ಒಂದು ಕಲ್ವೆ ಚಿಪ್ಪು ಇಟ್ಟು
ಉಸಿರು ಹಿಡಿದು ಒತ್ತಿದೆ, ಮೂರು ಸಲ.

ಮೊದಲನೆಯದು ಕಪ್ಪು.
ಸೂರ್ಯನೊಬ್ಬನೇ ಅದರಲ್ಲಿ, ಅಂಚು ಸಮೇತ,
ಈಗಷ್ಟೇ ಅಚ್ಚಿನಿಂದ ಇಳಿದ ನಾಣ್ಯ.
ಎರಡನೆಯದು ದಾರಿಹೋಕರಿಗೂ ಕಾಣುವಂಥದು:
ದೋಣಿ, ಬಲೆ, ಐಸು ಒಡೆಯುವ ಹುಡುಗ.
ಮೂರನೆಯದರಲ್ಲಿ ಆಕಾಶ ಸುಟ್ಟು ಬಿಳಿ ಬೂದಿ,
ಆದರೆ ಶೆಡ್ಡಿನೊಳಗಿನ ತಕ್ಕಡಿಯ ಮುಳ್ಳೂ
ಎಷ್ಟಕ್ಕೆ ನಿಂತಿದೆಯೆಂದು ಓದಬಹುದು.

ರಾತ್ರಿ ಮೂರನ್ನೂ ಒಂದರ ಮೇಲೊಂದು ಹಾಸಿ
ಪರದೆಯ ಮೇಲೆ ಗೆರೆ ಎಳೆಯುತ್ತ ಕೂತೆ.
ಮೋಡಕ್ಕೆ ನರ ಬಂತು, ಅಲೆಗೆ ಉಗುರು ಬಂತು,
ದೇವಗಡದ ದೀಪಸ್ತಂಭಕ್ಕೆ ನೇರಳೆ ಅಂಚು.
ಜೆಟ್ಟಿಯ ಸಿಮೆಂಟಿನ ಬಿರುಕು ಕೂಡ
ತುಪ್ಪ ಸವರಿದ ಹಾಗೆ ಹೊಳೆಯಿತು.
ಕಾರವಾರಕ್ಕೆ ಇಷ್ಟೊಂದು ಬಣ್ಣವಿದೆಯೆಂದು
ನಲವತ್ತು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಬೆಳಿಗ್ಗೆ ಕೋಡಿಬಾಗದ ಸ್ಟುಡಿಯೋದ ಬೆಂಚಿನಲ್ಲಿ
ವಾಮನ ಪಾವಸಕರ ಕನ್ನಡಕ ಹಣೆಗೇರಿಸಿ ನೋಡಿದ.
"ಇದು ಫೋಟೋ ಅಲ್ಲ ಮಾರಾಯಾ, ಕ್ಯಾಲೆಂಡರು.
ಬೆಳಕು ಒಂದು ಬದಿ ಬಿದ್ರೆ ಇನ್ನೊಂದು ಬದಿ ಬೀಳೂದಿಲ್ಲ.
ಅದು ಅದರ ಮರ್ಯಾದೆ."

ಕಣ್ಣು ಒಂದೇ ಸಲಕ್ಕೆ ನೋಡುತ್ತದಾ ಎಂದೆ.
ಬಿಸಿಲಿಗೆ ಕಿರಿದಾಗಿ, ಕತ್ತಲಿಗೆ ಹಿರಿದಾಗಿ,
ಚೂರು ಚೂರು ಹೆಕ್ಕಿ ಹೊಲಿಯುವುದಿಲ್ಲವಾ ಅದೂ?
ಮತ್ತೆ ನೀವು?
ನೆಗೆಟಿವ್ ಮೇಲೆ ಚೂಪು ಪೆನ್ಸಿಲು ಆಡಿಸಿ
ಎಷ್ಟು ಮದುಮಕ್ಕಳ ಸಿಡುಬಿನ ಕಲೆ ಮುಚ್ಚಿಲ್ಲ?
ಕೆಂಪು ದೀಪದ ಕೋಣೆಯಲ್ಲಿ ಅಂಗೈ ಅಡ್ಡ ಹಿಡಿದು
ಎಷ್ಟು ಬೀಗರ ಮುಖ ಬೆಳ್ಳಗೆ ಮಾಡಿಲ್ಲ?

"ಮಾಡಿದ್ದೆ," ಎಂದ ಪಾವಸಕರ.
"ಆದ್ರೆ ಆಗ ಸುಳ್ಳು ಹೇಳೂಕೂ ಬೆನ್ನು ನೋಯಬೇಕಿತ್ತು."

ಚಹಾ ಆರಿತು. ಇಬ್ಬರೂ ಗೆಲ್ಲಲಿಲ್ಲ.

ಪ್ರಿಂಟು ತೆಗೆದು ಬಂದರಿಗೆ ಒಯ್ದೆ.
ಮೊಣಕಾಲ ಮೇಲೆ ಬಲೆ ಹರಡಿಕೊಂಡ ಉಮಾಕಾಂತ ತಾಂಡೇಲ
ಚಿತ್ರ ಬಿಟ್ಟು ಅದರ ಮೋಡವನ್ನು ಓದಿದ.
"ನಿನ್ನೆ ಹೀಗಿತ್ತಾ ಆಕಾಶ?
ಇದ್ದಿದ್ರೆ ನಾನು ದೋಣಿ ನೀರಿಗೆ ಇಳಿಸ್ತಿರ್ಲಿಲ್ಲ."
ಐಸಿನ ಹುಡುಗ ಮಾತ್ರ ಕುಣಿದ.
ಮೂರು ಕ್ಲಿಕ್ಕಿನ ನಡುವೆ ಸುತ್ತಿಗೆ ಎತ್ತಿದ್ದನಲ್ಲ,
ಚಿತ್ರದಲ್ಲಿ ಅವನಿಗೆ ಮೂರು ಬಲಗೈ.
"ಮೂರು ಕೈಗೆ ಮೂರು ಪಗಾರ ಕೊಡ್ತೀರಾ ಸಾವ್ಕಾರ್ರೇ?"

ಕೊನೆಗೆ ದುರ್ಗಿ ಹರಿಕಂತ್ರ ಬುಟ್ಟಿ ಇಳಿಸಿ ಬಂದಳು.
ಮೀನಿನ ಹೊಪ್ಪಳಿಕೆ ಅಂಟಿದ ಬೆರಳನ್ನು
ಶೆಡ್ಡಿನ ಮೂಲೆಯ ಮೇಲೆ ಇಟ್ಟಳು.
"ಇದು ನಾನಲ್ವಾ?"

ಹೌದು. ಮೂರನೆಯ ಕ್ಲಿಕ್ಕಿನ ಗಳಿಕೆ:
ಕ್ರೇಟುಗಳ ಹಿಂದೆ, ಕಾಲು ಚಾಚಿ,
ಸೆರಗಿನ ಪರಿವೆಯಿಲ್ಲದೆ, ಬಾಯಲ್ಲಿ ಅರ್ಧ ಬೀಡಿ.
ಕತ್ತಲಿನಿಂದ ಇಷ್ಟು ವಿವರ ಎತ್ತಿದೆನಲ್ಲ ಎಂದು
ನಿನ್ನೆ ರಾತ್ರಿ ಒಬ್ಬನೇ ಬೀಗಿದ್ದು ಇದಕ್ಕೇ.

"ಯಾರಿಗೂ ಕಾಣೂದಿಲ್ಲ ಅಂತ್ಲೇ ಅಲ್ಲಿ ಕೂರೂದು.
ಮೂರು ಗಂಟೆಗೆ ಎದ್ದವಳಿಗೆ
ಇಡೀ ಬಂದರಲ್ಲಿ ಅದೊಂದೇ ಕೋಣೆ.
ಬಾಗಿಲು ತೆಗೆದುಬಿಟ್ಟೆಯಲ್ಲ ತಮ್ಮಾ."

ಬೈಯಲಿಲ್ಲ. ಬುಟ್ಟಿ ಹೊತ್ತು ಹೋದಳು.

ಮತ್ತೆ ಪರದೆ ತೆರೆದೆ.
ತಾಂಡೇಲನಿಗಾಗಿ ಮೋಡದ ಸಿಟ್ಟು ಅರ್ಧ ಇಳಿಸಿದೆ.
ಶೆಡ್ಡಿನ ಮೂಲೆಗೆ ಸಣ್ಣ ಕುಂಚ ಹಿಡಿದು
ಕತ್ತಲು ಬಳಿಯತೊಡಗಿದೆ, ಎಳೆ ಎಳೆಯಾಗಿ,
ಬೀಡಿಯ ಕಿಡಿಯೂ ಉಳಿಯದ ಹಾಗೆ.
ಮೂರನೆಯದನ್ನು ಅಳಿಸಲೇ ಎಂದು ಯಂತ್ರ ಕೇಳಿತು.
ಹೂಂ ಎಂದೆ.
ಮುಗಿಯುವಾಗ ಬೆನ್ನು ನೋಯುತ್ತಿತ್ತು.

"ಹಾಂ, ಇದು ನಿಜ ಬಂತು ನೋಡು,
ಏನೂ ತಿದ್ದಿಲ್ಲ ಅಲ್ವಾ?" ಎಂದ ಪಾವಸಕರ.
ಆಮೇಲೆ ಹತ್ತಿರ ಹಿಡಿದು, ತಡವರಿಸಿ,
"ಈ ಪೋರನಿಗೆ ಮಾತ್ರ ಮೂರು ಕೈ ಯಾಕೋ?"

ಅವನೇ ಕೇಳಿಕೊಂಡದ್ದು, ಎಂದೆ.