ಮೊಣಕೈ

ಮುಂದಿನಾಕಿ ಮೊಣಕೈ ಅಲ್ಲಾಡಿಸಿದ್ರ
ಸರದಿ ಮುಗೀತು ಅಂತ ಅರ್ಥ.
ಪಕ್ಕಕ್ಕ ಸರೀತಾಳ, ಹಿಂದ ಬೀಳ್ತಾಳ,
ಕೊನೀ ಚಕ್ರದ ಮರಿಗೆ ನಿಂತು ಉಸಿರು ತಗೋತಾಳ.
ಇಷ್ಟ ನೋಡ್ರಿ ನಮ್ಮ ವಿದ್ಯಾ.
ಕಲಿಯಾಕ ನನಗ ಆರು ವರ್ಷ ಹಿಡೀತು.

ವಿಜಯಪುರದಿಂದ ಬೆಳಗಾವಿ,
ಮುಟ್ಟಿ, ಠಸ್ಸೆ ಹಾಕಿಸಿಕೊಂಡು ಹೊಳ್ಳಿ ವಿಜಯಪುರ.
ನಾಕ ಸೈಕಲ್, ಒಂದು ಹಗಲು, ಒಂದು ರಾತ್ರಿ.
ಗಡಿಯಾರ ನಿಲ್ಲೂದು ಮೂರನೇ ಚಕ್ರಕ್ಕ.
ನಾಕನೇದರ ಲೆಕ್ಕ ಯಾರೂ ಇಡೂದಿಲ್ಲ.
ನಿಯಮದ ಹಾಳಿ ಓದಿ ಕಸ್ತೂರಿ ಹಳಿಂಗಳಿ ಅಂದ್ಲು:
"ಅಂದ್ರ ಒಬ್ಬಾಕಿನ್ನ ಬಿಟ್ಟು ಬರಬಹುದು."
ನಾಕೂ ಮಂದಿ ನಕ್ವಿ.
ನಾಕೂ ಮಂದಿ ಸೇವಂತಿ ರಾಠೋಡಳ ಸಣಕಲು ಕಾಲು ನೋಡಿದ್ವಿ.
ಸೇವಂತೀನೂ ನೋಡಿಕೊಂಡ್ಲು.

ಕೊಲ್ಹಾರದ ಸೇತುವಿ.
ಹಿನ್ನೀರಿನ ಮ್ಯಾಲಿಂದ ಬರೂ ಗಾಳಿಗೆ
ತಡಿಯಾಕ ಒಂದು ಜಾಲಿಗಿಡಾನೂ ಇಲ್ಲ.
ನಾ ಕ್ಯಾಪ್ಟನ್. ತೊಡಿ ಗಟ್ಟಿ ಅಂತ ಕ್ಯಾಪ್ಟನ್.
ತಲಿ ತಗ್ಗಿಸಿ ಎಳದೆ.
ಸೇತುವಿ ಮುಗಿಯೂತನಕ ಮೊಣಕೈ ಅಲ್ಲಾಡಿಸಲಿಲ್ಲ.
ಹಿಂದ ಚೈನಿನ ಸಪ್ಪಳ ಇತ್ತು,
ಆಮ್ಯಾಲ ಗಾಳೀದೋ ಚೈನಿಂದೋ ತಿಳೀಲಿಲ್ಲ.
ಕೊರ್ತಿ ಹತ್ರ ತಿರುಗಿ ನೋಡಿದ್ರ
ಡಾಂಬರು.
ಬರೇ ಡಾಂಬರು.

ಹೊಳ್ಳಿ ಹೋದೆ.
ನಫೀಸಾ ಮುಜಾವರ ಕಟಕಟಿ ಹಿಡದು ವಾಂತಿ ಮಾಡಾಕತ್ತಿದ್ಲು.
ಕಸ್ತೂರಿ ನನ್ನ ಮುಖ ನೋಡಲಿಲ್ಲ.
ಸೇವಂತಿ ಬೆನ್ನಿನ ಕಿಸೆದಾಗಿನ ಶೇಂಗಾ ಹೋಳಿಗಿ ಮುರದು
ಚೂರು ಚೂರ ನಫೀಸಾನ ಬಾಯಾಗ ಇಡ್ತಿದ್ಲು.
"ಅಕ್ಕಾ, ನೀ ಭಾಳ ಛಲೋ ಎಳೀತಿ" ಅಂದ್ಲು, ತಲಿ ಎತ್ತದ.
"ಆದ್ರ ಹಿಂದ ನಾವಿಲ್ಲ ಅಂದ್ರ
ಅದು ಎಳಿಯೂದಲ್ಲ. ಹೋಗೂದು."

ಗದ್ದನಕೇರಿ ಕ್ರಾಸಿನಿಂದ ಎಣಿಕಿ ಆಕೀದು.
ಲಂಬಾಣಿ ಮಾತಿನ್ಯಾಗ ಎಣಸ್ತಾಳ, ಅರವತ್ತಕ್ಕ ಒದರ್ತಾಳ.
ನನಗ ಆ ಅಂಕಿ ಒಂದೂ ಬರೂದಿಲ್ಲ,
ಮೊಣಕೈಗೆ ಬಂತು.
ಲೋಕಾಪುರ. ಯರಗಟ್ಟಿಯೊಳಗ ಒಂದ ಚಹಾ, ನಾಕ ಬಸಿ.
ಬೆಳಗಾವಿಯ ಥಂಡಿಯಾಗ ಐದ ನಿಮಿಷ,
ಠಸ್ಸೆ ಹಾಕೂ ಹುಡುಗ ಆಕಳಿಸಿದಾ, ನಾವೂ ಆಕಳಿಸಿದ್ವಿ.
ರಾತ್ರಿ ತುಂಬ ಕಬ್ಬಿನ ಟ್ರ್ಯಾಕ್ಟರ್,
ಹಿಂದ ಎರಡೆರಡು ಡಬ್ಬಿ, ದೀಪಿಲ್ಲ,
ಹಾಡು ಮಾತ್ರ ಊರಿಗೇ ಕೇಳೂವಷ್ಟು.
ಕುಣಿ ಬಂದ್ರ ಮುಂದಿನಾಕಿ "ಕುಣೀ" ಅಂತಾಳ,
ಎರಡನೇದಾಕಿ "ಕುಣೀ",
ಕೊನೀದಾಕಿ ಕತ್ತಲಿಗೆ ಹೇಳ್ತಾಳ, "ಕುಣೀ".

ಮುಳವಾಡ ದಾಟಿದ ಮ್ಯಾಲ
ನನ್ನ ಬಲ ಮೊಣಕಾಲು ನನ್ನದಲ್ಲಾತು.
ಯಾರಿಗೂ ಹೇಳಲಿಲ್ಲ. ಎದುರುಗಾಳಿ ಇತ್ತು.
ಎರಡು ಸರದಿ ಹೆಚ್ಚಿಗಿ ಬೇಡಿದೆ, ಸೇವಂತಿ ಕೊಟ್ಲು.
ಈ ಸಲ ಕಂಕುಳದ ಸಂದ್ಯಾಗ ಬಗ್ಗಿ ಬಗ್ಗಿ ನೋಡ್ತಿದ್ದೆ:
ಒಂದು ದೀಪ, ಎರಡು, ಮೂರು. ಅದಾವ.
ಮೆತ್ತಗ ಎಳದೆ. ಇದ್ದದ್ದೆಲ್ಲಾ ಎಳದೆ.
ಆಮ್ಯಾಲ ಮೊಣಕೈ.

ಪಕ್ಕಕ್ಕ ಸರದೆ. ಒಬ್ಬಾಕಿ, ಇಬ್ಬರು, ಮೂವರು ದಾಟಿದ್ರು.
ಕೊನೀ ಚಕ್ರ ಹಿಡೀಲಿಲ್ಲ.
ನಫೀಸಾ ಪೆಡಲ್ ಬಿಟ್ಲು, ಚೈನ್ ಟಿಕಟಿಕ ಅಂತು.
"ಮೂರ ಸಾಕು! ನಡೀರಿ!"
ಮೂರು ಗುಲಗಂಜಿ.
ಎರಡು.
ರಸ್ತಾ.

ತಿರುಗಿ ನೋಡಬ್ಯಾಡ್ರಿ ಅಂತ ಕಲಿಸಿದಾಕಿ ನಾನ.
ಆದ್ರೂ, ಸುಳ್ಳ್ಯಾಕ ಹೇಳ್ಲಿ,
ಒಬ್ಬಾಕಿಯಾರ ನೋಡಬೇಕಿತ್ತು.

ಜುಮನಾಳದಾಗ ಬೆಳಕಾತು.
ಹಾಲಿನ ಕ್ಯಾನ್ ಕಟ್ಟಿದ ಮುದುಕೊಬ್ಬ
ತನ್ನ ತುಕ್ಕು ಸೈಕಲ್ ಮ್ಯಾಲ ನನ್ನ ದಾಟಿ ಹೋದಾ,
ಹೋಗ್ತಾ ಗಂಟಿ ಹೊಡದಾ.
ಅವನ ಚಕ್ರದ ಮರಿಗೆ ಹೊಕ್ಕೆ.
ಊರು ಮುಟ್ಟೂತನಕ ಅವನ ನನ್ನ ಕ್ಯಾಪ್ಟನ್.

ನಾ ಮುಟ್ಟಿದಾಗ ಗಡಿಯಾರ ಬಿಚ್ಚಿ ಡಬ್ಬಿಗೆ ತುಂಬಾಕತ್ತಿದ್ರು.
ಎಷ್ಟನೇ ನಂಬರ್ ಅಂತ ಕೇಳಲಿಲ್ಲ.
ಮೆಟ್ಟಿಲ ಮ್ಯಾಲ ಕಸ್ತೂರಿ ಕುಂತಲ್ಲೇ ನಿದ್ದಿ ಹೋಗಿದ್ಲು,
ನಫೀಸಾ ಬೂಟ್ ಬಿಚ್ಚಾಕತ್ತಿದ್ಲು.
ಸೇವಂತಿ ಏನೂ ಅನಲಿಲ್ಲ.
ಮೊಣಕೈ ಅಲ್ಲಾಡಿಸಿ
ಪಕ್ಕಕ್ಕ ಸರದ್ಲು.